ಅಣ್ಣನ ಪಾಲಿನ ಅರ್ಧ ಮೈದಾನ

ಭೋಸರಿ, ಪುಣೆ
ರವಿವಾರ, 4 ನವೆಂಬರ್ 2001

ತೀರ್ಥರೂಪ ಅಣ್ಣನ ಪಾದಗಳಿಗೆ ತಮ್ಮ ಮಾರ್ತಾಂಡನ ನಮಸ್ಕಾರಗಳು.

ನಿನ್ನ ಆರೋಗ್ಯ ಹೇಗಿದೆ? ಕಣ್ಣಿನ ಹನಿ ಎರಡೂ ಹೊತ್ತು ಬೀಳುತ್ತಿದೆಯೋ, ಇಲ್ಲಾ ಹೇಳುವವನು ಎದುರಿಗಿಲ್ಲವೆಂದು ಸಂಜೆಯದನ್ನು ಹಾರಿಸಿಬಿಡುತ್ತೀಯೋ? ಧಾರವಾಡದ ಹವಾ ನಿನಗೆ ಮೊದಲಿನಿಂದಲೂ ಹಿಡಿಸುತ್ತದೆ, ಎರಡು ತುತ್ತು ಹೆಚ್ಚೇ ಉಣ್ಣುತ್ತಿರಬೇಕು. ಭಾಮಾ ವೈನಿಯ ಮೊಣಕಾಲು ನೋವು ಹೇಗಿದೆ, ಅವರ ತವರಿನ ಮೆಟ್ಟಿಲು ಹತ್ತಿ ಇಳಿದು ಮತ್ತೆ ಬಾತಿದೆಯೋ ಏನೋ. ಇದು ನಾನು ಬರೆಯುತ್ತಿರುವ ಮೂರನೆಯ ಪತ್ರ. ಮೊದಲ ಎರಡಕ್ಕೆ ಉತ್ತರ ಬರಲಿಲ್ಲ. ನಮ್ಮ ಪೋಸ್ಟ್‌ಮನ್‌ನನ್ನು ಹಿಡಿದು ಬೈದು ನೋಡಿದೆ. ಪಾಪ, ಬೇಕಾದರೆ ನಾನೇ ಒಂದು ಬರೆದು ಹಾಕಲೇ ಎಂದು ಕೇಳಿದ. ಆದ್ದರಿಂದ ತಪ್ಪು ನಿನ್ನದೇ ಎಂದು ತೀರ್ಮಾನ ಮಾಡಿದ್ದೇನೆ. ನಿನಗೆ ಸಾಲು ತಪ್ಪಬಾರದೆಂದು ಅಕ್ಷರ ದೊಡ್ಡದು ಮಾಡಿ, ಒಂದು ಸಾಲು ಬಿಟ್ಟು ಒಂದು ಸಾಲು ಬರೆಯುತ್ತಿದ್ದೇನೆ. ಆದರೂ ವೈನಿಯೇ ಓದಿ ಹೇಳುವುದಾದರೆ, ವೈನಿ, ದಯವಿಟ್ಟು ನಡುವೆ ಎಲ್ಲಿಯೂ ಬಿಟ್ಟು ಓದಬೇಡಿ. ನಿಮಗೆ ಗೊತ್ತಿಲ್ಲದ ಸಂಗತಿಯೂ ಇದರಲ್ಲಿದೆ. ಗೊತ್ತಾದ ಮೇಲೆ ಗಂಡ, ಮೈದುನ ಇಬ್ಬರನ್ನೂ ಕೂಡಿಸಿ ಬೈಯಿರಿ, ನಾನು ಇಲ್ಲಿಂದಲೇ ಬೈಸಿಕೊಳ್ಳುತ್ತೇನೆ.

ಇಲ್ಲಿ ನಾನು ಆರಾಮಾಗಿದ್ದೇನೆ ಎಂದು ಬರೆಯುವುದು ರೂಢಿ. ಹೊಟ್ಟೆಗೇನೂ ಕಡಿಮೆಯಿಲ್ಲ. ಮೊದಲ ವಾರ ಕೆಳಗಿನ ಮನೆಯ ಮಾಂತುವಿನ ಹೆಂಡತಿ ಭಕ್ರಿ ಕಳಿಸಿದಳು. ಆಮೇಲೆ ನನಗೇ ನಾಚಿಕೆಯಾಗಿ ಅಕ್ಕಿ ಬೇಯಿಸುವುದು ಕಲಿತೆ. ಒಂದು ದಿನ ಗಂಜಿ, ಒಂದು ದಿನ ಕಲ್ಲು, ನಡುವಿನದು ಇನ್ನೂ ಕೈಗೆ ಸಿಕ್ಕಿಲ್ಲ. ನೀವಿಬ್ಬರೂ ಹೋಗಿ ಐದು ವಾರ ಆಯಿತು. ಇಪ್ಪತ್ತೆರಡು ವರ್ಷ ಮೂರು ಜನ ಒಬ್ಬರ ಕಾಲು ಒಬ್ಬರು ತುಳಿಯುತ್ತ ಇದ್ದ ಎರಡು ಖೋಲಿಗಳು ಈಗ ಇಷ್ಟು ದೊಡ್ಡವಾಗಿವೆ ಎಂದರೆ ನಂಬುವುದಿಲ್ಲ. ಕಾರ್ಖಾನೆಯಲ್ಲಿ ದಿನ ಹೇಗೋ ಕಳೆಯುತ್ತದೆ. ಅಲ್ಲಿ ಇನ್‌ಸ್ಪೆಕ್ಷನ್ ಟೇಬಲ್ಲಿನ ಮುಂದೆ ಕೂತು ಇದು ಸರಿ, ಇದು ರಿಜೆಕ್ಟ್ ಎಂದು ಬೇರ್ಪಡಿಸುತ್ತ ಕೂತರೆ ಸೈರನ್ ಆಗುತ್ತದೆ. ಕಷ್ಟವಾಗುವುದು ಶನಿವಾರ. ಊಟ ಮುಗಿಸಿ, ಬಿಳಿ ಪ್ಯಾಂಟು ಇಸ್ತ್ರಿ ಮಾಡಿ, ನೀನು ಸ್ಕೂಟರಿನ ಹಿಂದೆ ಕೂತು ನನ್ನ ಡ್ರೈವಿಂಗಿಗೆ ತಪ್ಪು ಹುಡುಕುತ್ತ ಮೈದಾನಕ್ಕೆ ಹೋಗುತ್ತಿದ್ದ ಹೊತ್ತು ಅದು. ನಿನ್ನೆಯೂ ಬೂಟಿಗೆ ಪಾಲಿಶ್ ಹಾಕಿ ಕೂತಿದ್ದೆ. ವಿಚಾರಣೆ ಮುಗಿಯುವವರೆಗೆ ನನಗೆ ಮ್ಯಾಚು ಕೊಡುವುದಿಲ್ಲ ಎಂದು ಗೊತ್ತಿದ್ದೂ ಕೂತಿದ್ದೆ. ಬಿಲ್ಡಿಂಗಿನ ತುಂಬ ಆಕಾಶಕಂದೀಲು ಕಟ್ಟಿಯಾಗಿದೆ, ದೀಪಾವಳಿಗೆ ಇನ್ನು ಹತ್ತೇ ದಿನ. ನಮ್ಮ ಬಾಲ್ಕನಿ ಮಾತ್ರ ಬರಿದಾಗಿದೆ. ಅಣ್ಣಾ, ನನಗೆ ಇಲ್ಲಿ ಬಹಳ ಬೇಸರವಾಗಿದೆ, ಇದನ್ನು ಸುತ್ತಿಬಳಸಿ ಹೇಳುವುದರಲ್ಲಿ ಅರ್ಥವಿಲ್ಲ.

ವೈನಿಗೆ ತಿಳಿಯಲಿ ಎಂದು ಸ್ವಲ್ಪ ಹಿಂದಿನಿಂದ ಬರೆಯುತ್ತೇನೆ, ನಿನಗೆ ಗೊತ್ತಿದ್ದದ್ದನ್ನೇ ಮತ್ತೆ ಕೇಳಿಸಿಕೋ. ಹಾಕಿ ಆಟಕ್ಕೆ ಇಬ್ಬರು ಅಂಪೈರುಗಳು, ಒಬ್ಬೊಬ್ಬರಿಗೆ ಅರ್ಧರ್ಧ ಮೈದಾನ. ನೀನು ಬೆಳಗಾವಿಯ ಕ್ಯಾಂಪಿನಲ್ಲಿ ಕಲಿತು ಬಂದು ನನಗೆ ಸೀಟಿ ಹಿಡಿಯಲು ಕಲಿಸಿದ ಮೊದಲ ದಿನವೇ ಹೇಳಿದ್ದೆ: "ನನ್ನ ಅರ್ಧದಾಗ ನೀ ಊದಬ್ಯಾಡ, ನಿನ್ನ ಅರ್ಧದಾಗ ನಾ ಊದೂದಿಲ್ಲ. ಮಂದಿ ಮುಂದ ಒಬ್ಬರ ಮರ್ಯಾದಿ ಒಬ್ಬರು ಕಾಯಬೇಕು." ನಿಯಮದ ಪುಸ್ತಕದಲ್ಲಿ ಹಾಗೇನೂ ಇಲ್ಲ, ಅಪಾಯ ಕಂಡರೆ ಯಾರು ಬೇಕಾದರೂ ಆಟ ನಿಲ್ಲಿಸಬಹುದು. ಆದರೆ ನಮ್ಮ ಮಂದಿಯಲ್ಲಿ ಅದೇ ನಡೆದುಬಂದದ್ದು. ಇನ್ನೊಬ್ಬರ ಅರ್ಧದಲ್ಲಿ ತಪ್ಪು ಕಂಡರೆ ಅಂಗಿಯ ಕಾಲರ್ ಮುಟ್ಟಿಕೊಳ್ಳುವುದು. ಅವನು ನೋಡಿ, ತನಗೇ ಕಂಡ ಹಾಗೆ ಸೀಟಿ ಊದುವುದು. ಹೊರಗಿನವರಿಗೆ ಅದು ಸೆಕೆಗೆ ಕಾಲರ್ ಸರಿಮಾಡಿಕೊಂಡಂತೆ ಕಾಣುತ್ತಿತ್ತು. ನೀನು ಎಷ್ಟು ಶಿಸ್ತಿನವನು ಎಂದು ಪುಣೆಯ ಎಲ್ಲ ಶಾಲೆಗಳಿಗೂ ಗೊತ್ತು. ಆಟಕ್ಕೆ ಮೊದಲು ನೀನು ಮಕ್ಕಳನ್ನು ಸಾಲಾಗಿ ನಿಲ್ಲಿಸಿ, ನಾನು ಕಾರ್ಖಾನೆಯ ಲೇತಿನಲ್ಲಿ ತಿರುಗಿಸಿ ತಂದ ಉಂಗುರದಲ್ಲಿ ಒಂದೊಂದು ಸ್ಟಿಕ್ಕನ್ನೂ ತೂರಿಸಿ ಅಳೆಯುತ್ತಿದ್ದೆ. ಕಿವಿಯ ರಿಂಗು ಬಿಚ್ಚಿಸುತ್ತಿದ್ದೆ, ಉಗುರು ನೋಡುತ್ತಿದ್ದೆ. ಕಾಲಿನ ಪ್ಯಾಡು ಕೊಳ್ಳಲಾಗದೆ ಕಾಲುಚೀಲದೊಳಗೆ ನೋಟ್‌ಬುಕ್ಕಿನ ರಟ್ಟು ತುರುಕಿಕೊಂಡು ಬಂದವರನ್ನು ಗದರಿ, ಆಮೇಲೆ ನಿನ್ನ ಚೀಲದಿಂದಲೇ ಹಳೆಯ ಪ್ಯಾಡು ತೆಗೆದು ಕಟ್ಟುತ್ತಿದ್ದೆ. "ಆಟ ನಾಳಿನೂ ಆಡಬಹುದು, ಕಾಲು ಒಂದ ಜೋಡಿ ಅದ" ಎನ್ನುತ್ತಿದ್ದೆ. ಹುಡುಗಿಯರು ಬೆನ್ನ ಹಿಂದೆ ನಿನ್ನ ದನಿಯನ್ನು ಅಣಕಿಸಿ ನಗುತ್ತಿದ್ದರು, ಆದರೆ ಎಲ್ಲರೂ ಪ್ಯಾಡು ಕಟ್ಟುತ್ತಿದ್ದರು.

ಈಗ ವೈನಿಗೆ ಗೊತ್ತಿಲ್ಲದ್ದು. ವೈನಿ, ಎರಡು ವರ್ಷದಿಂದ ನೀವು ಅಣ್ಣನ ಕಣ್ಣಿಗೆ ಹಾಕುತ್ತಿರುವುದು ಉರಿಯ ಹನಿಯಲ್ಲ. ಅವನಿಗೆ ಗ್ಲಾಕೋಮಾ ಆಗಿದೆ. ಎದುರಿನದು ಕಾಣುತ್ತದೆ, ಪಕ್ಕದ್ದು ಮೆಲ್ಲಗೆ ಅಳಿಸಿಹೋಗುತ್ತಿದೆ, ಹೋದದ್ದು ತಿರುಗಿ ಬರುವುದಿಲ್ಲ ಎಂದು ಡಾಕ್ಟರು ಹೇಳಿದಾಗ ನಾನು ಪಕ್ಕದ ಕುರ್ಚಿಯಲ್ಲೇ ಕೂತಿದ್ದೆ. ಅಣ್ಣಾ, ಆಸ್ಪತ್ರೆಯ ಮೆಟ್ಟಿಲಿನ ಮೇಲೆ ನೀನು ನನ್ನ ಕೈ ಹಿಡಿದುಕೊಂಡು, "ಮಾರ್ತಾಂಡ, ಇದನ್ನ ಯಾರ ಮುಂದೂ ಆಡಬ್ಯಾಡ. ಇದೊಂದ ಸೀಸನ್ ಅಷ್ಟ" ಎಂದೆ. ನನಗೆ ಬುದ್ಧಿ ತಿಳಿದಾಗಿನಿಂದ ನೀನು ನನ್ನಲ್ಲಿ ಏನನ್ನೂ ಬೇಡಿದವನಲ್ಲ. ಹೂಂ ಎಂದೆ. ಒಂದು ಸೀಸನ್ ಮೂರಾಯಿತು. ಅಂದಿನಿಂದ ಗೋಲಿನ ಮುಂದೆ ಗದ್ದಲವಾದಾಗಲೆಲ್ಲ ನೀನು ಕತ್ತು ತಿರುಗಿಸಿ ನನ್ನ ಕಡೆ ನೋಡುವುದು, ನಾನು ಕಾಲರ್ ಮುಟ್ಟುವುದು ಅಥವಾ ಮುಟ್ಟದಿರುವುದು. ಹೀಗೆ ನಾನು ಇಡೀ ಮೈದಾನ ನೋಡುತ್ತಿದ್ದೆ, ನೀನು ಅರ್ಧದಲ್ಲಿ ಊದುತ್ತಿದ್ದೆ. ನಿಜ ಹೇಳಬೇಕೆಂದರೆ ನನಗೆ ಅದರಲ್ಲಿ ಒಂದು ಹೆಮ್ಮೆಯೂ ಇತ್ತು. ಅಣ್ಣನ ಕಣ್ಣು ನಾನು ಎಂದುಕೊಳ್ಳುತ್ತಿದ್ದೆ. ಯಾರೊಬ್ಬರಿಗೂ ಸಂಶಯ ಬರಲಿಲ್ಲ. ಡಿಸೆಂಬರಿನ ಫೈನಲ್ಲಿನಲ್ಲಿ ನಿನಗೆ ಶಾಲು ಹೊದಿಸಬೇಕೆಂದು ಶಾಲಾ ಹಾಕಿ ಸಮಿತಿಯವರು ನಿರ್ಧಾರವನ್ನೂ ಮಾಡಿದ್ದರು.

ಸಪ್ಟೆಂಬರ್ 22ರ ಮ್ಯಾಚಿನ ಬಗ್ಗೆ ನಾವಿಬ್ಬರೂ ಇದುವರೆಗೆ ಒಂದು ಮಾತೂ ಆಡಿಲ್ಲ, ಆದ್ದರಿಂದ ನಾನು ಕಂಡದ್ದನ್ನು ಬರೆಯುತ್ತೇನೆ. ಯೆರವಡೆಯ ಶಾಲೆಗೂ ಹಡಪಸರದ ಶಾಲೆಗೂ ಹುಡುಗಿಯರ ಪಂದ್ಯ, ಹದಿನಾರರ ಒಳಗಿನವರದು. ದ್ವಿತೀಯಾರ್ಧ, ಇನ್ನು ಐದಾರು ನಿಮಿಷ ಉಳಿದಿತ್ತು, ಗೋಲಿಲ್ಲ. ಹಡಪಸರದ ಆ ಎತ್ತರದ ಹುಡುಗಿ ನಿನ್ನ ಅರ್ಧದಲ್ಲಿ ಪುಟಿದ ಚೆಂಡಿಗೆ ಸ್ಟಿಕ್ಕನ್ನು ಭುಜದ ಮೇಲಕ್ಕೆತ್ತಿ ಬೀಸಿದಳು, ನಿಯಮದಂತೆ ಅಲ್ಲೇ ಸೀಟಿ ಬೀಳಬೇಕು. ಯೆರವಡೆಯ ನಾಲ್ಕನೇ ನಂಬರಿನ ಹುಡುಗಿ, ನೀಲಿಮಾ, ಪಕ್ಕದಲ್ಲೇ ಇದ್ದಳು, ಗೇಣಿನಷ್ಟರಲ್ಲಿ ತಪ್ಪಿತು. ನಾನು ಕಾಲರ್ ಮುಟ್ಟಿದೆ. ನೀನು ನೋಡಲಿಲ್ಲ. ಅರೆನಿಮಿಷದಲ್ಲಿ ಮತ್ತೆ ಹಾಗೇ ಬೀಸಿದಳು. ಕೆಟ್ಟ ಉದ್ದೇಶದಿಂದಲ್ಲ, ಮೊದಲ ಸಲ ಸೀಟಿ ಬೀಳಲಿಲ್ಲವಾದ್ದರಿಂದ ಸರಿಯೆಂದುಕೊಂಡಿರಬೇಕು, ಮಕ್ಕಳು ಕಲಿಯುವುದು ಹಾಗೇ. ನಾನು ಎರಡೂ ಕೈಯಿಂದ ಕಾಲರ್ ಹಿಡಿದುಕೊಂಡೆ. ನೀನು ಗೋಲನ್ನೇ ನೋಡುತ್ತಿದ್ದೆ. ಮೂರನೆಯ ಸಲ ಚೆಂಡು ಗೋಲಿನೊಳಗೆ ಹೋಯಿತು, ಸ್ಟಿಕ್ಕು ತಿರುಗಿ ಬಂದು ನೀಲಿಮಾಳ ಎಡಗಣ್ಣಿಗೆ ಬಿತ್ತು. ಆ ಸಪ್ಪಳ ಮೈದಾನದ ಆಚೆ ತುದಿಯಲ್ಲಿದ್ದ ನನಗೂ ಕೇಳಿಸಿತು. ನೀನು ಕೈಯನ್ನು ಮೈದಾನದ ನಡುವಿನತ್ತ ತೋರಿಸಿದ್ದೆ, ಗೋಲ್ ಎಂದು. ಹೊಡೆದ ಹುಡುಗಿಯೇ ಮೊದಲು ಸ್ಟಿಕ್ ಬಿಸಾಕಿ ಓಡಿ, ಇವಳ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತು ಕೂಗಿಕೊಂಡಳು. ಅವಳ ಕೋಚ್ ಮಾತ್ರ ಗೋಲ್ ಬರೆದುಕೊಂಡರೋ ಇಲ್ಲವೋ ಎಂದು ಸ್ಕೋರರ್ ಹತ್ತಿರ ಹೋಗಿ ವಿಚಾರಿಸುತ್ತಿದ್ದ. ನೀನು ಒಮ್ಮೆ ಕತ್ತು ತಿರುಗಿಸಿದ್ದರೆ ಸಾಕಿತ್ತು, ಅಣ್ಣಾ. ಎರಡು ವರ್ಷದಲ್ಲಿ ನಾನು ನಿನ್ನ ಮೇಲೆ ಸಿಟ್ಟಾದದ್ದು ಆ ಕ್ಷಣದಲ್ಲಿ ಮಾತ್ರ.

ಆ ಸಂಜೆ ಟೆಂಟಿನಲ್ಲಿ ಕೂತು ನೀನು ವರದಿ ಬರೆದೆ. ಸಾಲಿನ ಮೇಲೆ ಸಾಲು ಏರುತ್ತಿತ್ತು, ನಾನೇ ಹಾಳೆ ಸರಿಸಿಕೊಟ್ಟೆ. "ಅಂಪೈರಿಗೆ ಸ್ಪಷ್ಟವಾಗಿ ಕಂಡಂತೆ, ನಾಲ್ಕನೇ ನಂಬರಿನ ಆಟಗಾರ್ತಿ ತಾನಾಗಿಯೇ ಬಾಗಿ ಸ್ಟಿಕ್ಕಿನ ಬೀಸಿನೊಳಗೆ ಬಂದಳು" ಎಂದು ಬರೆದು, ನನ್ನ ಕಡೆ ತಳ್ಳಿದೆ. ನೀನು ಸುಳ್ಳು ಬರೆಯುತ್ತಿದ್ದೆ ಎಂದು ನಾನು ಹೇಳುವುದಿಲ್ಲ. ಕಾಣದ ಜಾಗದಲ್ಲಿ ಏನಾಗಿರಬಹುದೋ ಅದನ್ನು ನೀನು ತುಂಬಿಸಿಕೊಂಡೆ, ಅಷ್ಟೇ. ನಾನು ಸಹಿ ಹಾಕಿದೆ. ಎರಡನೆಯ ಅಂಪೈರಿನ ಸಹಿ ಇಲ್ಲದೆ ವರದಿ ಹೋಗುವುದಿಲ್ಲ. ಮರುವಾರ ನೀನು ವೈನಿಯನ್ನು ಕರೆದುಕೊಂಡು ಧಾರವಾಡದ ಬಸ್ಸು ಹತ್ತಿದೆ, ಸ್ವಾರಗೇಟಿನಲ್ಲಿ ನನ್ನ ಮುಖ ನೋಡದೆ ಕಿಟಕಿಯಿಂದ ಕೈ ಮಾಡಿದೆ.

ನೀನು ಹೋದ ಮೇಲೆ ನಾನು ಆಸ್ಪತ್ರೆಗೆ ಹೋಗಿದ್ದೆ. ಇದನ್ನು ಮೊದಲಿನ ಎರಡು ಪತ್ರಗಳಲ್ಲಿ ಬರೆಯಲಿಲ್ಲ. ಎಡಗಣ್ಣಿಗೆ ಪಟ್ಟಿ ಕಟ್ಟಿತ್ತು. ಆ ಕಣ್ಣಿನಲ್ಲಿ ಇನ್ನು ಬೆಳಕು ಬರುವುದಿಲ್ಲ ಎಂದು ನರ್ಸು ಹೊರಗೇ ಹೇಳಿದ್ದಳು. ಅವಳ ತಾಯಿ ರಂಗೂಬಾಯಿ ಮೊದಲು ನನ್ನೊಡನೆ ಮರಾಠಿಯಲ್ಲೇ ಮಾತಾಡಿದಳು. ನನ್ನ ಮರಾಠಿ ನಿನಗೆ ಗೊತ್ತೇ ಇದೆ, ಇಷ್ಟು ವರ್ಷವಾದರೂ ಮೂರನೆಯ ಮಾತಿಗೆ ಊರು ಹೊರಬೀಳುತ್ತದೆ. "ಅಯ್ಯ, ನೀವು ಕನ್ನಡದವರೇನ್ರಿ? ನಾವು ಇಂಡಿ ಕಡ್ಯಾವ್ರು ರೀ" ಎಂದು ಆಕೆ ಸೆರಗಿನಿಂದ ಕಣ್ಣೊರೆಸಿಕೊಂಡು ನಕ್ಕಳು. ಸ್ಟೂಲು ಎಳೆದು ಕೂರಿಸಿ, ಬಸಿ ತೊಳೆದು ಚಹಾ ಬಗ್ಗಿಸಿಕೊಟ್ಟು, "ನಮ್ಮ ಮಂದಿ ಒಬ್ಬರರ ನೋಡಾಕ ಬಂದ್ರಲ್ಲ" ಎಂದಳು. ಆ ಚಹಾ ಹೇಗೆ ಕುಡಿದೆನೋ ದೇವರಿಗೇ ಗೊತ್ತು. ಆಮೇಲೆ ಆ ಹುಡುಗಿ ಹಾಸಿಗೆಯಲ್ಲಿ ಎದ್ದು ಕೂತು, ಕೈ ಜೋಡಿಸಿ ನನಗೆ ಹೇಳಿದಳು: "ತಪ್ಪ ನಂದ ಅದ ರೀ ಸರ್. ನಾನ ನಡುವ ಬಂದೆ. ದೊಡ್ಡ ಸರ್‌ಗೂ ಸಾರಿ ಹೇಳ್ರಿ, ನನ್ನಿಂದ ಅವರಿಗೆ ಭಾಳ ತ್ರಾಸ ಆತು." ಹದಿನಾಲ್ಕು ವರ್ಷದ ಹುಡುಗಿ, ಅಣ್ಣಾ. ಕಣ್ಣು ಕಳೆದುಕೊಂಡು ಅಂಪೈರಿಗೆ ಕ್ಷಮೆ ಕೇಳುತ್ತಾಳೆ. ಆಟದಲ್ಲಿ ಅಂಪೈರು ಹೇಳಿದ್ದೇ ಕೊನೆ, ಎದುರು ಮಾತಾಡಬಾರದು ಎಂದು ನಾವೇ ಅಲ್ಲವೇ ಈ ಮಕ್ಕಳಿಗೆ ಹೇಳಿಕೊಟ್ಟದ್ದು? ಇವಳು ಅದನ್ನು ಚೆನ್ನಾಗಿ ಕಲಿತಿದ್ದಾಳೆ.

ಅಷ್ಟಕ್ಕೇ ಮುಗಿದಿದ್ದರೆ ನಾನು ಈ ಪತ್ರ ಬರೆಯುತ್ತಿರಲಿಲ್ಲವೋ ಏನೋ. ನಮ್ಮ ವರದಿ ನೋಡಿ ಸಮಿತಿಯವರು ಅವಳ ಶಾಲೆಗೆ ತಾಕೀತು ಪತ್ರ ಕಳಿಸಿದ್ದಾರೆ, ಮಕ್ಕಳಿಗೆ ಸುರಕ್ಷಿತವಾಗಿ ಆಡಲು ಕಲಿಸಿ ಎಂದು. ಹೆಡ್‌ಮಾಸ್ತರರು ಅದನ್ನು ಪ್ರಾರ್ಥನೆಯ ಹೊತ್ತಿನಲ್ಲಿ ಎಲ್ಲ ತರಗತಿಗಳ ಮುಂದೆ ಓದಿದರಂತೆ, ನೀಲಿಮಾಳ ಹೆಸರು ಹಿಡಿದು, ಅಜಾಗರೂಕತೆಯಿಂದ ಏನಾಗುತ್ತದೆ ನೋಡಿರಿ ಎಂದು. ಅಂದಿನಿಂದ ಅವಳು ಶಾಲೆಗೆ ಹೋಗಿಲ್ಲ. ಆಸ್ಪತ್ರೆಯಿಂದ ಮನೆಗೆ ಬಂದು ಮೂರು ವಾರವಾಯಿತು, ಬಾಗಿಲಿಗೂ ಬರುವುದಿಲ್ಲವಂತೆ. ಕಾರ್ಖಾನೆಗೆ ಫೋನ್ ಮಾಡಿ ಹೇಳಿದವಳು ರಂಗೂಬಾಯಿ, ದೂರು ಹೇಳಲಿಕ್ಕಲ್ಲ. "ನೀವ ಒಂದೀಟು ಬಂದು ಬುದ್ಧಿ ಹೇಳ್ರಿ ಸರ್, ಆಗಿದ್ದು ಆಗೇತಿ, ಮುಂದ ನೋಡಿ ಆಡು ಅಂತ ಹೇಳ್ರಿ" ಎಂದು ಕೇಳಿಕೊಂಡಳು. ನಾನು ಹೋಗಿಲ್ಲ. ಯಾವ ಬಾಯಿಂದ ಬುದ್ಧಿ ಹೇಳಲಿ?

ಮುಂದಿನ ಶನಿವಾರ, ಹತ್ತನೇ ತಾರೀಖು ಬೆಳಿಗ್ಗೆ ಹನ್ನೊಂದಕ್ಕೆ ಸಮಿತಿ ಸೇರುತ್ತದೆ. ನಮ್ಮಿಬ್ಬರನ್ನೂ ಕರೆದಿದ್ದಾರೆ. ವರದಿಯನ್ನು ಕಾಯಂ ಮಾಡಿ ಫೈಲು ಮುಚ್ಚುತ್ತಾರೆ, ಆಮೇಲೆ ಅದೇ ಸತ್ಯವಾಗಿ ಉಳಿಯುತ್ತದೆ. ನಿನ್ನನ್ನು ಕೇಳಿಕೊಳ್ಳುವುದು ಇಷ್ಟೇ: ಶುಕ್ರವಾರದ ಬಸ್ಸಿಗೆ ಬಾ. ಕಣ್ಣಿನ ವಿಷಯ ನೀನೇ ಹೇಳು, ನನಗೆ ಕಾಣಲಿಲ್ಲ ಎಂದು ಒಂದೇ ಒಂದು ವಾಕ್ಯ ಹೇಳು. ಶಾಲು ಹೋಗುತ್ತದೆ, ನಿಜ. ಮೂವತ್ತು ವರ್ಷದ ಹೆಸರಿಗೆ ಕಲೆ ಬೀಳುತ್ತದೆ, ಅದೂ ನಿಜ, ನನಗದು ಗೊತ್ತಿಲ್ಲದೆ ಇಲ್ಲ. ಆದರೆ ನಿನ್ನ ಬಾಯಿಂದ ಬಂದರೆ ಜನ ಇವನು ದೊಡ್ಡ ಮನುಷ್ಯ ಎನ್ನುತ್ತಾರೆ. ನಾನು ಹೇಳಿದರೆ ತಮ್ಮನೇ ಅಣ್ಣನನ್ನು ಹಿಡಿದುಕೊಟ್ಟ ಎನ್ನುತ್ತಾರೆ. ನೀನು ಬರದಿದ್ದರೆ ನಾನು ಏನು ಮಾಡುತ್ತೇನೋ ನನಗೇ ಗೊತ್ತಿಲ್ಲ. ನಿನ್ನ ಅಪ್ಪಣೆಯಿಲ್ಲದೆ ನಾನು ಈ ವಯಸ್ಸಿನವರೆಗೆ ಏನನ್ನೂ ಮಾಡಿದವನಲ್ಲ, ಲಗ್ನ ಬೇಡವೆಂದದ್ದು ಬಿಟ್ಟರೆ.

ವೈನಿಯ ತವರಿನ ಹಿರಿಯರಿಗೆಲ್ಲ ನನ್ನ ನಮಸ್ಕಾರ, ಚಿಕ್ಕವರಿಗೆ ಆಶೀರ್ವಾದ. ವೈನಿ, ನಿಮ್ಮ ಮುಂದೆ ಮುಚ್ಚಿಟ್ಟದ್ದಕ್ಕೆ ನನ್ನನ್ನು ಹೆಚ್ಚು ಬೈಯಿರಿ, ಅವನನ್ನು ಸ್ವಲ್ಪ ಕಡಿಮೆ. ಹನಿ ಮಾತ್ರ ತಪ್ಪಿಸಬೇಡಿ.

ನಿನ್ನ ಪ್ರೀತಿಯ ತಮ್ಮ,
ಮಾರ್ತಾಂಡ

ತಾ.ಕ. ರವಿವಾರ, 11 ನವೆಂಬರ್. ಮಾಂತು ಹಬ್ಬಕ್ಕೆ ಧಾರವಾಡದ ಹಾದಿಯ ತನ್ನ ಊರಿಗೆ ಹೊರಟು ಕೆಳಗೆ ರಿಕ್ಷಾ ನಿಲ್ಲಿಸಿಕೊಂಡು ಕೂಗುತ್ತಿದ್ದಾನೆ, ಅವನ ಕೈಯಲ್ಲೇ ಕಳಿಸುತ್ತಿದ್ದೇನೆ. ಮೇಲಿನ ಪತ್ರವನ್ನು ನಾನು ಇಡೀ ವಾರ ಪೋಸ್ಟಿಗೆ ಹಾಕಲಿಲ್ಲ. ಹಾಕಿದ್ದರೆ ನೀನು ಬೇಡ ಎಂದು ತಾರು ಕಳಿಸುತ್ತಿದ್ದೆ, ನಾನು ಕೇಳಿಬಿಡುತ್ತಿದ್ದೆ. ನಿನ್ನೆ ಒಬ್ಬನೇ ಹೋಗಿ ಸಮಿತಿಯ ಮುಂದೆ ಎಲ್ಲವನ್ನೂ ಹೇಳಿದೆ, ನಿನ್ನ ಕಣ್ಣು, ನನ್ನ ಸಹಿ, ಎಲ್ಲ. ವರದಿ ರದ್ದಾಯಿತು. ಅವಳ ಶಾಲೆಗೆ ತಿದ್ದುಪಡಿಯ ಪತ್ರ ಹೋಗುತ್ತದೆ, ಅದನ್ನೂ ಪ್ರಾರ್ಥನೆಯ ಹೊತ್ತಿಗೇ ಓದಬೇಕೆಂದು ಬರೆಸಿದ್ದೇನೆ. ನಮ್ಮಿಬ್ಬರ ಅಂಪೈರ್ ಬ್ಯಾಡ್ಜು ಹೋಯಿತು. ಅಲ್ಲಿಂದ ನೇರ ಯೆರವಡೆಗೆ ಹೋಗಿ, ತಪ್ಪು ನಿನ್ನದಲ್ಲ ಮಗಾ, ದೊಡ್ಡ ಸರ್‌ಗೆ ಕಣ್ಣು ಕಾಣುವುದಿಲ್ಲ, ಅವರಿಗೆ ಗೊತ್ತೇ ಆಗಲಿಲ್ಲ ಎಂದು ಹೇಳಿದೆ. ಮನಸ್ಸು ಹಗುರಾಯಿತು ಎಂದುಕೊಳ್ಳುವಷ್ಟರಲ್ಲಿ ಅವಳು ಒಂದೇ ಮಾತು ಕೇಳಿದಳು: "ನಿಮಗ ಕಾಣ್ತಿತ್ತೇನ್ರಿ ಸರ್?" ಹೌದು ಎಂದೆ. ಅವಳು ಎದ್ದು ಒಳಗೆ ಹೋದಳು. ರಂಗೂಬಾಯಿ ಈ ಸಲ ನನಗೆ ಸ್ಟೂಲು ಎಳೆಯಲಿಲ್ಲ. ಅಣ್ಣಾ, ಮೇಲೆ ನಿನ್ನ ಬಗ್ಗೆ ಬರೆದದ್ದನ್ನೆಲ್ಲ ಹರಿದು ಹಾಕಬೇಕಿತ್ತು, ವೇಳೆಯಿಲ್ಲ. ನಿನಗೆ ಕಾಣಲಿಲ್ಲ. ನನಗೆ ಮೂರು ಸಲವೂ ಕಂಡಿತ್ತು, ಸೀಟಿ ಬಾಯಲ್ಲೇ ಇತ್ತು. ನೀನು ಯಾರಿಗೂ ಮುಖ ಮರೆಸಿಕೊಂಡು ಅಲ್ಲಿ ಕೂರಬೇಕಾದದ್ದಿಲ್ಲ, ಮನೆಗೆ ಬಾ.